ಭೂಕವಚದ ಒಂದು ಚೂರು

ಸೆಪ್ಟೆಂಬರ್ ೨, ಸೋಮವಾರ

ವಿಜ್ಞಾನದ ಟೀಚರ್ ಹೆರಿಗೆ ರಜೆಗೆ ಹೋದರು. ನಾಲ್ಕನೇ ತರಗತಿಯ ವಿಜ್ಞಾನವನ್ನು ದೊಡ್ಡ ಮೇಡಂ ನನ್ನ ತಲೆಗೆ ಕಟ್ಟಿದರು. "ಭಾಷೆ ಅಷ್ಟು ಚೆನ್ನಾಗಿ ಪಾಠ ಮಾಡ್ತೀರಿ, ಕಲ್ಲು ಮಣ್ಣು ನಿಮಗೆ ಯಾವ ಲೆಕ್ಕ?" ಎಂದರು. ಮುಖ್ಯೋಪಾಧ್ಯಾಯಿನಿ ಹೊಗಳಿದರೆ ಹುಷಾರಾಗಿರಬೇಕು ಅಂತ ಗೊತ್ತಿದ್ದೂ ತಲೆಯಾಡಿಸಿ ಬಂದೆ. ಶಿಲೆಗಳು, ಖನಿಜಗಳು, ಮಣ್ಣು, ಭೂಮಿಯ ಒಳರಚನೆ. ತಿಂಗಳ ಕೊನೆಗೆ ಪ್ರದರ್ಶನ, ಅದಕ್ಕೆ ಶಿಕ್ಷಣಾಧಿಕಾರಿ ಬರುತ್ತಾರಂತೆ.

ಆ ತರಗತಿಯಲ್ಲಿ ನನ್ನ ಮಗಳೂ ಇದ್ದಾಳೆ. ಇಷ್ಟೇ ಇಷ್ಟು ಗಾತ್ರ, ಸಿಡಿಯುವುದು ಮಾತ್ರ ಜಾಸ್ತಿ. ಅದಕ್ಕೇ ನಮ್ಮ ಮನೆಯವರು ಅವಳಿಗೆ ಸಾಸಿವೆ ಎಂದು ಹೆಸರಿಟ್ಟಿದ್ದಾರೆ. ಶಾಲೆಯ ಗೇಟು ದಾಟಿದ ಮೇಲೆ ನಾನು ಅವಳಿಗೆ ಮಿಸ್, ಅಮ್ಮ ಅಲ್ಲ. ಈ ನಿಯಮ ನಾನೇ ಮಾಡಿದ್ದು.

ಮಹಡಿ ಹತ್ತುವಾಗ ಎರಡು ಕಡೆ ನಿಂತೆ. ರಜೆಯಲ್ಲಿ ಯಾರೋ ಮೆಟ್ಟಿಲುಗಳನ್ನು ಎತ್ತರ ಮಾಡಿಸಿರಬೇಕು.

ಡಾಕ್ಟರಮ್ಮ ಕಳೆದ ತಿಂಗಳೇ ಹೇಳಿದ್ದಾರೆ. ಗರ್ಭಕೋಶದಲ್ಲಿ ಗಡ್ಡೆ ಇದೆ, ಅದಕ್ಕೇ ಇಷ್ಟು ರಕ್ತ ಹೋಗುತ್ತಿದೆ, ಬೇಗ ಆಪರೇಷನ್ ಮಾಡಿಸಿಕೊಳ್ಳಿ, ಅಲ್ಲಿಯವರೆಗೆ ಕಬ್ಬಿಣದ ಮಾತ್ರೆ ತೊಗೊಳ್ಳಿ ಅಂತ. ಮಾತ್ರೆ ತೊಗೊಂಡರೆ ಹೊಟ್ಟೆ ಉರಿ. ಆಪರೇಷನ್ ಎಂದರೆ ಅಮ್ಮ ಕಣ್ಣ ಮುಂದೆ ಬರುತ್ತಾಳೆ. ಆಪರೇಷನ್ನಿಗೆಂದು ಹೋದವಳು ತಿರುಗಿ ಬರಲಿಲ್ಲ. ಪ್ರದರ್ಶನ ಮುಗಿಯಲಿ, ಆಮೇಲೆ ನೋಡೋಣ. ಇವರಿಗೆ ಬರೀ ನಿಶ್ಶಕ್ತಿ ಎಂದಷ್ಟೇ ಹೇಳಿದ್ದೇನೆ.

ಸೆಪ್ಟೆಂಬರ್ ೪, ಬುಧವಾರ

ಮನೆಯ ಹತ್ತಿರ ಸಿಕ್ಕಿದ ಕಲ್ಲು ತನ್ನಿ ಎಂದಿದ್ದೆ. ಎಂಥೆಂಥ ಕಲ್ಲು ಬಂದವು! ಒಬ್ಬಳು ಬಚ್ಚಲಿನ ಟೈಲ್ಸ್ ಒಡೆದು ತಂದಿದ್ದಳು. ಒಬ್ಬ ಇಟ್ಟಿಗೆ. ಇನ್ನೊಬ್ಬ ಹಾಳೆಯಲ್ಲಿ ಸುತ್ತಿದ ಸಣ್ಣ ಬಾಟಲಿ ತೆಗೆದ. ಒಳಗೆ ಕಡಲೆಕಾಳಿನಷ್ಟು ಕಂದು ಕಲ್ಲು.

"ಎಲ್ಲಿ ಸಿಕ್ತೋ ಇದು?"

"ನಮ್ಮ ತಾತನ ಕಿಡ್ನೀಲಿ ಮಿಸ್."

ತರಗತಿ ಹುಚ್ಚೆದ್ದು ಹೋಯಿತು. ಮುಟ್ಟಿದವರು ಕೈ ಕೊಡವಿಕೊಂಡು ಓಡಿದರು. ಅವನು ಮಾತ್ರ ಗಂಭೀರವಾಗಿ, ಇದು ಅಗ್ನಿಶಿಲೆಯೋ, ಕಣಶಿಲೆಯೋ, ರೂಪಾಂತರ ಶಿಲೆಯೋ ಎಂದು ಕೇಳಿದ. "ತಾತಶಿಲೆ" ಎಂದೆ. ಇವತ್ತಿನಿಂದ ಅವನ ಹೆಸರೇ ತಾತಶಿಲೆ ಆಗಿಬಿಟ್ಟಿತು. ಅವನಿಗೂ ಅದು ಖುಷಿಯೇ.

ಸಂಜೆ ಸಿಂಕಿನಲ್ಲಿ ಪಾತ್ರೆ ಹಾಗೇ ಇತ್ತು ಎಂದು ಇವರ ಮೇಲೆ ರೇಗಿದೆ. ಆಮೇಲೆ ಸಾಸಿವೆಯ ಮೇಲೆ. ಆಮೇಲೆ ಪಾತ್ರೆಗಳ ಮೇಲೆ. ಮನೆಯಲ್ಲಿ ಒಬ್ಬರಿಗೂ ಜವಾಬ್ದಾರಿಯಿಲ್ಲ.

ಸೆಪ್ಟೆಂಬರ್ ೯, ಸೋಮವಾರ

ಗಾಜಿನ ಬಾಟಲಿಗೆ ಮಣ್ಣು ಹಾಕಿ, ನೀರು ತುಂಬಿ, ಅಲ್ಲಾಡಿಸಿ ಇಡುವ ಪ್ರಯೋಗ. ದಪ್ಪ ಮರಳು ಮೊದಲು ತಳಕ್ಕೆ ಕೂತಿತು, ಅದರ ಮೇಲೆ ನಯವಾದ ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ. ಕಸಕಡ್ಡಿ ತೇಲುತ್ತಿತ್ತು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಇಷ್ಟು ದಿನ ಪದ್ಯ ಬಾಯಿಪಾಠ ಮಾಡಿಸುವಾಗ ಈ ಮೌನ ಎಲ್ಲಿ ಹೋಗಿತ್ತೋ.

ಒಣಮಣ್ಣಿನ ಮೇಲೆ ನೀರು ಚಿಮುಕಿಸಿ ವಾಸನೆ ನೋಡಿ ಎಂದೆ. ನಾನೂ ಬಗ್ಗಿ ನೋಡಿದೆ. ಬಾಯಲ್ಲಿ ನೀರೂರಿತು. ಬೆಳಿಗ್ಗೆ ತಿಂಡಿ ಸರಿಯಾಗಿ ತಿಂದಿರಲಿಲ್ಲ, ಅದಕ್ಕೇ ಇರಬೇಕು.

ಮಧ್ಯಾಹ್ನ ಟಿಫಿನ್ ಡಬ್ಬಿ ತೆರೆದರೆ ಒಂದು ತುತ್ತೂ ಬೇಡವಾಯಿತು.

ಸೆಪ್ಟೆಂಬರ್ ೧೧, ಬುಧವಾರ

ಪ್ರದರ್ಶನಕ್ಕೆ ಏನು ಮಾಡೋದು ಎಂದು ಕೇಳಿದ್ದಕ್ಕೆ ತಾತಶಿಲೆ, "ಭೂಮಿ ಮಾಡೋಣ ಮಿಸ್" ಎಂದ. ಮರಳಲ್ಲಿ ಗೂಡು ಕಟ್ಟೋಣ ಎನ್ನುವಷ್ಟು ಸಲೀಸಾಗಿ.

ಹಾಗಾದರೆ ಭೂಮಿಯೇ ಆಗಲಿ. ಅರ್ಧಕ್ಕೆ ಕತ್ತರಿಸಿದ ಗೋಳ. ಬಣ್ಣ ಬಳಿಯುವುದು ಬೇಡ, ಬೇರೆ ಬೇರೆ ಮಣ್ಣಿನಲ್ಲೇ ಪದರು ಮಾಡೋಣ ಎಂದೆ. ನಡುವೆ ಕೆಂಪು ಮಣ್ಣಿನ ಒಳಕೇಂದ್ರ ಗೋಳ. ಅದರ ಸುತ್ತ ಹಳದಿ ಮಣ್ಣಿನ ಹೊರಕೇಂದ್ರ ಗೋಳ. ಆಮೇಲೆ ಕಪ್ಪು ಮಣ್ಣಿನ ಮ್ಯಾಂಟಲ್, ದಪ್ಪಗೆ. ಎಲ್ಲದರ ಮೇಲೆ ಬಿಳಿ ಜೇಡಿಯ ಭೂಕವಚ, ತೆಳ್ಳಗೆ. ಇವರು ಲಿಫ್ಟ್ ರಿಪೇರಿಗೆ ಹೋಗುವ ಕಟ್ಟಡದ ಪಕ್ಕ ಒಬ್ಬ ಕುಂಬಾರನಿದ್ದಾನೆ. ಅವನ ಹತ್ತಿರ ಸೋಸಿದ ಜೇಡಿ ಒಂದು ಬಕೆಟ್ ತರುತ್ತೇನೆ ಎಂದಿದ್ದಾರೆ.

ಭೂಮಿಯ ಒಳಗೆ ಯಾರೂ ಹೋಗಿ ನೋಡಿಲ್ಲ, ಭೂಕಂಪದ ಅಲೆಗಳು ಒಳಗೆ ಹಾದು ಬರುವ ರೀತಿ ನೋಡಿ ಕಂಡುಕೊಂಡಿದ್ದಾರೆ ಎಂದಾಗ ಒಬ್ಬರೂ ನಂಬಲಿಲ್ಲ. ನಾನೂ ಮೊನ್ನೆಯಷ್ಟೇ ಓದಿಕೊಂಡದ್ದು. ಆದರೆ ಹುಟ್ಟಿದಾಗಿನಿಂದ ಗೊತ್ತಿದ್ದವಳ ಹಾಗೆ ಹೇಳಿದೆ.

ಕೆಂಪು ಮಣ್ಣು ಯಾಕೆ ಕೆಂಪು ಎಂದು ಸಾಸಿವೆ ಕೇಳಿದಳು. ಅದರಲ್ಲಿರುವ ಕಬ್ಬಿಣ ತುಕ್ಕು ಹಿಡಿದಿರುತ್ತೆ, ಅದಕ್ಕೆ ಎಂದೆ. ಅವಳು ನನ್ನನ್ನೇ ನೋಡುತ್ತ ಕೂತಳು. ಪಾಠ ಕೇಳುವ ಕಣ್ಣಲ್ಲ ಅದು. "ಮುಂದೆ ಬೋರ್ಡ್ ನೋಡು" ಎಂದು ಗದರಿದೆ.

ಸೆಪ್ಟೆಂಬರ್ ೧೩, ಶುಕ್ರವಾರ

ಜೇಡಿ ಬಂತು. ಬೆಣ್ಣೆಯ ಹಾಗಿದೆ.

ಮಕ್ಕಳು ಮೊಣಕೈವರೆಗೆ ಮಣ್ಣು ಮಾಡಿಕೊಂಡು ಭೂಮಿ ಕಟ್ಟಿದರು. ಭೂಕವಚ ಯಾರು ಮೆತ್ತುವುದು ಎಂದು ಜಗಳವಾಗಿ ಇಬ್ಬರು ಜುಟ್ಟು ಹಿಡಿದುಕೊಂಡರು. ಸಾಸಿವೆಗೆ ಕೇಂದ್ರಗೋಳ ಸಿಕ್ಕಿತ್ತು. ಜಗಳಕ್ಕೆ ಹೋಗದೆ ತನ್ನ ಪಾಡಿಗೆ ನಾದಿದಳು.

ಎಲ್ಲರೂ ಹೋದ ಮೇಲೆ, ಸಾಸಿವೆಯನ್ನು ಹೊರಗೆ ಕಾಯಿಸಿ, ಅಂಚು ಸರಿಮಾಡಲು ಉಳಿದೆ. ತಿಂದೆ ಎಂದು ಬರೆಯುವುದಿಲ್ಲ. ಉದುರಿದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡೆ, ಅಷ್ಟೇ. ಹೇಗಿರುತ್ತೆ ನೋಡೋಣ ಅಂತ. ಸೀಮೆಸುಣ್ಣಕ್ಕಿಂತ ಎಷ್ಟೋ ಮೇಲು.

ಸೆಪ್ಟೆಂಬರ್ ೧೭, ಮಂಗಳವಾರ

ತರಗತಿಯ ಬೀರುವಿನಲ್ಲಿಟ್ಟಿದ್ದ ಭೂಮಿಯ ಕವಚ ತೆಳ್ಳಗಾಗಿದೆ ಎಂದು ಮಕ್ಕಳು ಪತ್ತೆ ಹಚ್ಚಿದರು. ಒಂದು ಕಡೆ ಅಂಗೈಯಷ್ಟು ಜಾಗದಲ್ಲಿ ಮ್ಯಾಂಟಲ್ ಕಾಣುತ್ತಿದೆ.

"ಸವಕಳಿ ಮಿಸ್" ಎಂದ ತಾತಶಿಲೆ. "ಗಾಳಿ ಮತ್ತು ನೀರಿನಿಂದ."

"ಬೀರು ಒಳಗೆ ಯಾವ ಗಾಳಿ ಬೀಸುತ್ತೋ ಪೆದ್ದ?" ಎಂದು ಹುಡುಗಿಯರು ಅವನ ಮೇಲೆ ಬಿದ್ದರು. ಕೊನೆಗೆ ಇಲಿ ಎಂದು ತೀರ್ಮಾನವಾಯಿತು. ನಾನೂ ಹೂಂ ಎಂದೆ. ಜವಾನ ಒಂದು ಇಲಿಬೋನು ತಂದು, ಬಿಸ್ಕೆಟ್ ಸಿಕ್ಕಿಸಿ, ಭೂಮಿಯ ಪಕ್ಕ ಇಟ್ಟು ಹೋದ. ಮಕ್ಕಳಿಗೆ ನಗು. ನನಗೂ ನಗು ಬಂತು. ಆಮೇಲೆ ನಗು ಬರಲಿಲ್ಲ. ದೊಡ್ಡವರು ಹತ್ತು ಜನ ನಂಬಿ ಪಾಠಕ್ಕೆ ನಿಲ್ಲಿಸಿದ ಹೆಂಗಸು ನಾನು, ಇಲಿಯ ಹೆಸರಿನಲ್ಲಿ ಮಕ್ಕಳ ಕಣ್ಣಿಗೆ ಮಣ್ಣೆರಚುತ್ತಿದ್ದೇನೆ.

ನಾಳೆಯಿಂದ ಮುಟ್ಟುವುದಿಲ್ಲ.

ಸೆಪ್ಟೆಂಬರ್ ೧೮, ಬುಧವಾರ

ಮುಟ್ಟಿದೆ.

ಸೆಪ್ಟೆಂಬರ್ ೨೧, ಶನಿವಾರ

ಬೆಳಿಗ್ಗೆ ಹಾಸಿಗೆಯ ಬಟ್ಟೆ ಪೂರ್ತಿ ಹಾಳಾಗಿತ್ತು. ಇವರು ಏಳುವ ಮೊದಲೇ ಸುತ್ತಿ ಬಚ್ಚಲಿನ ಮೂಲೆಗಿಟ್ಟೆ. ತಲೆ ಸುತ್ತುತ್ತಿತ್ತು, ಸ್ವಲ್ಪ ಮಲಗಿ ಎದ್ದು ಒಗೆಯೋಣ ಎಂದುಕೊಂಡೆ. ಎದ್ದು ಹೋಗಿ ನೋಡಿದರೆ ಅದು ಆಗಲೇ ತಂತಿಯ ಮೇಲಿತ್ತು. ಸಾಸಿವೆ ಒಗೆದು ಹಾಕಿದ್ದಾಳೆ. ಅಪ್ಪನಿಗೆ ಹೇಳಿಲ್ಲ. ಹೇಳಬೇಡ ಎಂದು ನಾನು ಹೇಳಿರಲೂ ಇಲ್ಲ. ಇಷ್ಟು ಬೇಗ ತಿಳಿವಳಿಕೆ ಬಂದಿದೆ, ಜಾಣೆ.

ಇವರು ಕಾಫಿ ಕುಡಿಯುತ್ತ ನನ್ನ ಮುಖ ನೋಡಿ, "ಏನೇ ಇದು, ಸುಣ್ಣ ಹೊಡೆದ ಗೋಡೆ ಥರ ಆಗಿದ್ದೀಯ? ನಿಮ್ಮ ಸ್ಕೂಲಿಗೊಂದು ಲಿಫ್ಟ್ ಹಾಕಿಸ್ಲಾ?" ಎಂದರು.

"ಮೊದಲು ಮನೆ ನಲ್ಲಿ ರಿಪೇರಿ ಮಾಡಿಸಿ" ಎಂದೆ.

"ನಲ್ಲಿ ಬಿಡು. ನಮ್ಮ ಸಾಸಿವೆ ಸಿಡಿಯೋದೇ ನಿಂತುಹೋಗಿದೆ ಕಣೆ. ಸ್ಕೂಲಲ್ಲಿ ಏನಾದ್ರೂ ಆಯ್ತಾ?"

ಏನೂ ಆಗಿಲ್ಲ, ದೊಡ್ಡವಳಾಗುತ್ತಿದ್ದಾಳೆ ಎಂದೆ. ಆಗ ಅವಳು ಒಂದು ಕೈಯಲ್ಲಿ ನೀರು, ಇನ್ನೊಂದು ಕೈಯಲ್ಲಿ ನನ್ನ ಕಬ್ಬಿಣದ ಮಾತ್ರೆ ಹಿಡಿದು ಬಂದು ನಿಂತಳು. ಮಾತ್ರೆಯ ಹಾಳೆ ನಾನು ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೆ.

"ನನ್ನ ಕೆಲಸ ನಂಗೊತ್ತು, ನೀನು ಹೋಗಿ ಓದ್ಕೋ" ಎಂದೆ. ಲೋಟವನ್ನೂ ಮಾತ್ರೆಯನ್ನೂ ಮೇಜಿನ ಮೇಲಿಟ್ಟು ಹೋದಳು. ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆದೆ.

ಸೆಪ್ಟೆಂಬರ್ ೨೪, ಮಂಗಳವಾರ

ಇವತ್ತಿನದನ್ನು ಬರೆಯಲೇಬೇಕು.

ಬೀರುವಿನ ಬಾಗಿಲು ತೆರೆದು ದೊಡ್ಡ ಮೇಡಂ ಭೂಮಿ ನೋಡಿದರು. ಈಗ ಅರ್ಧ ಭೂಕವಚ ಇಲ್ಲ. ಅಧಿಕಾರಿ ಬರುವುದು ಸೋಮವಾರ. ಮೇಡಂ ಕನ್ನಡಕ ಏರಿಸಿಕೊಂಡು ಹತ್ತಿರದಿಂದ ನೋಡಿ, "ಇದು ಇಲಿ ಅಲ್ಲ. ಉಗುರಲ್ಲಿ ಕೆರೆದಿದ್ದಾರೆ" ಎಂದರು. ನಾನು ಬೋರ್ಡಿನ ಹತ್ತಿರ ನಿಂತಿದ್ದೆ. ಕೈಯನ್ನು ಸೀರೆಯ ಮರೆಗೆ ಸರಿಸಿದೆ.

"ಯಾರು ಮಾಡಿದ್ದು? ಎದ್ದು ನಿಂತ್ಕೊಳ್ಳಿ."

ಯಾರೂ ಏಳಲಿಲ್ಲ. ಮೇಡಂ ಸಾಲುಸಾಲಾಗಿ ಕೈ ನೋಡುತ್ತ ಬಂದರು. ತಾತಶಿಲೆಯ ಉಗುರಲ್ಲಿ ಮಣ್ಣಿತ್ತು. ಅವನ ಉಗುರಲ್ಲಿ ಮಣ್ಣಿಲ್ಲದ ದಿನವೇ ಇಲ್ಲ.

"ನೀನಾ?"

"ಅಲ್ಲ ಮೇಡಂ. ಇದು ಬೇರೆ ಮಣ್ಣು. ಆಟದ ಬಯಲಿಂದು."

"ಎದುರು ಮಾತಾಡ್ತೀಯಾ? ಪ್ರದರ್ಶನಕ್ಕೆ ನೀನು ಬರೋದೇ ಬೇಡ. ನಾಳೆ ನಿಮ್ಮ ಅಪ್ಪನ್ನ ಕರ್ಕೊಂಡು ಬಾ."

ಅವನ ಕೆಳತುಟಿ ನಡುಗಿತು. ಈ ಭೂಮಿಯ ಯೋಚನೆ ಬಂದದ್ದೇ ಅವನಿಗೆ. ನಾನು ಹೇಳಬೇಕು, ಈಗ ಹೇಳಬೇಕು ಎಂದುಕೊಂಡೆ. ಬಾಯಿಗೆ ಬೀಗ ಬಿದ್ದಿತ್ತು.

"ಮೇಡಂ, ನಾನು ತಿಂದೆ."

ಸಾಸಿವೆ. ಮೂರನೇ ಬೆಂಚಿನಲ್ಲಿ ಎದ್ದು ನಿಂತಿದ್ದಳು.

"ತಿಂದೆಯಾ?" ಮೇಡಂಗೆ ನಂಬಿಕೆಯಾಗಲಿಲ್ಲ. "ಮಣ್ಣು ತಿಂದೆಯಾ? ಗೆಳೆಯನ್ನ ಬಿಡಿಸೋಕೆ ಸುಳ್ಳು ಹೇಳ್ಬೇಡ."

ಸಾಸಿವೆ ಬೆಂಚಿನಿಂದ ಈಚೆ ಬಂದಳು. ಬೀರುವಿನ ಹತ್ತಿರ ಹೋಗಿ, ಭೂಕವಚದ ಒಂದು ಚೂರು ಮುರಿದು, ಬಾಯಿಗೆ ಹಾಕಿಕೊಂಡು ಅಗಿದಳು. ಎಲ್ಲರ ಮುಂದೆ. ಕಣ್ಣಲ್ಲಿ ನೀರು ಬಂದರೂ ನುಂಗಿದಳು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ.

ಮಕ್ಕಳು ಮೊದಲು ಅವಾಕ್ಕಾದರು, ಆಮೇಲೆ ನಕ್ಕರು. "ಮಣ್ಣುತಿನ್ನಿ, ಮಣ್ಣುತಿನ್ನಿ" ಎಂದು ಹಿಂದಿನ ಬೆಂಚಿನಿಂದ ಶುರುವಾಯಿತು. ಮೇಡಂ ನನ್ನ ಕಡೆ ತಿರುಗಿ, "ನಿಮ್ಮ ಮಗಳಲ್ವಾ? ಮನೇಲಿ ಊಟ ಹಾಕಲ್ವೇನ್ರೀ?" ಎಂದರು.

"ಕ್ಷಮಿಸಿ ಮೇಡಂ, ನಾನು ನೋಡ್ಕೋತೀನಿ" ಎಂದೆ.

ಹೀಗೆಯೇ ಎಂದೆ.

ಸೆಪ್ಟೆಂಬರ್ ೨೫, ಬುಧವಾರ

ಅವಳು ಶಾಲೆಗೆ ಬಂದಳು, ಹೋದಳು. ಹಿಂದಿನಿಂದ ಯಾರೋ ಕೂಗುತ್ತಲೇ ಇದ್ದರು. ಏನೂ ಬರೆಯಲಾರೆ.

ಸೆಪ್ಟೆಂಬರ್ ೨೭, ಶುಕ್ರವಾರ

ದೊಡ್ಡ ಮೇಡಂ ಇವರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಿದ್ದರು. ಇವರು ಕೆಲಸ ಅರ್ಧಕ್ಕೆ ಬಿಟ್ಟು ಬಂದರು. ಬೈಯಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ತಮಾಷೆ ಮಾಡದ ಇವರನ್ನು ನೋಡಿದರೆ ನನಗೆ ಭಯ. "ನಡೀರಿ, ಮಗೂನ ಡಾಕ್ಟರಿಗೆ ತೋರಿಸೋಣ" ಎಂದರು. ಹೋದದ್ದು ಅದೇ ಡಾಕ್ಟರಮ್ಮನ ಹತ್ತಿರ. ಇವರಿಗೆ ಗೊತ್ತಿರುವವರು ಅವರೊಬ್ಬರೇ.

ಡಾಕ್ಟರಮ್ಮ ಸಾಸಿವೆಯ ಕಣ್ಣ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. "ರಕ್ತ ಕಮ್ಮಿ ಇರೋರಿಗೆ ಕೆಲವು ಸಲ ಮಣ್ಣು, ಸೀಮೆಸುಣ್ಣ, ಬೂದಿ ಇಂಥದ್ದೆಲ್ಲ ತಿನ್ನಬೇಕು ಅನ್ಸುತ್ತೆ. ಅದು ಕೊಬ್ಬಲ್ಲ, ಕಾಯಿಲೆ. ಇವಳು ಮಾತ್ರ ಕೆಂಪಗೇ ಇದ್ದಾಳಲ್ಲ. ಇರಲಿ, ರಕ್ತ ಪರೀಕ್ಷೆ ಮಾಡೋಣ" ಎಂದರು.

ನಾನು ಕುರ್ಚಿಯಲ್ಲಿ ಕೂತಿದ್ದೆ. ಕಾಯಿಲೆ ಎಂಬ ಮಾತು ಕಿವಿಗೆ ಬಿತ್ತು. ಇಷ್ಟು ದಿನ ನನ್ನ ನಾಲಿಗೆಗೆ ಹುಚ್ಚು ಹಿಡಿದಿದೆ ಎಂದುಕೊಂಡಿದ್ದೆ.

ಸಾಸಿವೆಗೆ ಸೂಜಿ ಎಂದರೆ ಪ್ರಾಣ ಹೋಗುತ್ತದೆ. ಹಿಂದೆ ಒಂದು ಇಂಜೆಕ್ಷನ್ನಿಗೆ ಮೂರು ಜನ ಹಿಡಿದುಕೊಳ್ಳಬೇಕಾಗಿತ್ತು. ಇವತ್ತು ನರ್ಸ್ ಬಂದ ಕೂಡಲೇ ತಾನೇ ಅಂಗಿಯ ತೋಳು ಮಡಚಿ, ಕೈ ಚಾಚಿ, ಕಣ್ಣು ಮುಚ್ಚಿಕೊಂಡಳು. ನರ್ಸ್ ಹತ್ತಿಯಿಂದ ಒರೆಸಿದಳು. ಆ ಸಣ್ಣ ತೋಳಿನ ಮೇಲೆ ಸ್ಪಿರಿಟ್ ಹೊಳೆಯುತ್ತಿತ್ತು.

"ಅವಳದು ಬೇಡ" ಎಂದೆ. "ನನ್ನದು ತೆಗೀರಿ. ತಿಂದಿದ್ದು ನಾನು."

ಇವರು ತಿರುಗಿ ನೋಡಿದರು. ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಗಡ್ಡೆ, ಎಸೆದ ಮಾತ್ರೆಗಳು, ಸೀಮೆಸುಣ್ಣ, ಬೀರುವಿನೊಳಗಿನ ಭೂಮಿ, ಎಲ್ಲ ಹೇಳಿದೆ. ಡಾಕ್ಟರಮ್ಮ ಸಾಸಿವೆಯನ್ನು ಕುರ್ಚಿಯಿಂದ ಇಳಿಸಿ ಅಲ್ಲಿ ನನ್ನನ್ನು ಕೂರಿಸಿದರು. ನನ್ನ ರಕ್ತ ತೆಗೆದರು. ವರದಿ ಬಂದಾಗ, ನೀವು ಮೆಟ್ಟಿಲು ಹೇಗೆ ಹತ್ತುತ್ತಿದ್ದೀರೋ ನನಗೆ ತಿಳಿಯುತ್ತಿಲ್ಲ ಎಂದರು. ರಕ್ತದ ಅಂಶ ಇರಬೇಕಾದ್ದರಲ್ಲಿ ಅರ್ಧವೂ ಇಲ್ಲವಂತೆ.

ಹೊಟ್ಟೆಯ ಸ್ಕ್ಯಾನ್ ಮಾಡುವಾಗ ಸಾಸಿವೆ ಪರದೆಯನ್ನೇ ನೋಡುತ್ತಿದ್ದಳು. "ಒಳಗೆ ಹೋಗದೆ ಹೇಗೆ ಕಾಣುತ್ತೆ?" ಎಂದು ಡಾಕ್ಟರಮ್ಮನನ್ನು ಕೇಳಿದಳು. ಶಬ್ದದ ಅಲೆ ಕಳಿಸ್ತೀವಿ, ಅದು ತಗುಲಿ ವಾಪಸ್ ಬರುತ್ತೆ ಎಂದರು. "ಭೂಕಂಪದ ಅಲೆ ಥರ" ಎಂದಳು. ಡಾಕ್ಟರಮ್ಮನಿಗೆ ಖುಷಿಯಾಯಿತು, ಯಾರು ಹೇಳಿಕೊಟ್ಟರು ಎಂದು ಕೇಳಿದರು. ಅವಳು ಪರದೆಯ ಕಡೆಗೇ ತಿರುಗಿಕೊಂಡಳು.

ಆಪರೇಷನ್ ಬೇಡ, ನಮ್ಮಮ್ಮ ಅದರಲ್ಲೇ ಹೋದದ್ದು ಎಂದೆ.

"ನಿಮ್ಮಮ್ಮನ್ನ ಯಾವಾಗ ಕರ್ಕೊಂಡು ಬಂದಿದ್ರು?"

"ತುಂಬಾ ರಕ್ತ ಹೋದ್ಮೇಲೆ. ಕುರ್ಚಿ ಸಮೇತ ಎತ್ಕೊಂಡು ಹೋಗಿದ್ರು."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಇಷ್ಟು ವರ್ಷ ಅಮ್ಮನನ್ನು ಆಪರೇಷನ್ ಕೊಂದಿತು ಎಂದೇ ಹೇಳಿಕೊಂಡು ಬಂದಿದ್ದೇನೆ. ಆ ಕುರ್ಚಿ ನನಗೆ ನೆನಪಿಲ್ಲದ್ದೇನಲ್ಲ. ಅದರ ಮಾತು ಯಾರೂ ಎತ್ತುತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಡಾಕ್ಟರಮ್ಮ ಕಾಗದದ ಮೇಲೆ ಬರೆಯುತ್ತ ಹೋದರು. ಮೊದಲು ರಕ್ತ ಏರಿಸಬೇಕು, ಆಮೇಲೆ ಆಪರೇಷನ್.

ದಾರಿಯಲ್ಲಿ ಇವರು, "ನನ್ನ ಹತ್ರ ಹೇಳೋಕೇನಾಗಿತ್ತೇ?" ಎಂದು ಒಂದೇ ಸಲ ಕೇಳಿದರು. ಸಾಸಿವೆ ನಮ್ಮಿಬ್ಬರಿಗಿಂತ ಮುಂದೆ ನಡೆಯುತ್ತಿದ್ದಳು.

ಸೆಪ್ಟೆಂಬರ್ ೩೦, ಸೋಮವಾರ

ಹೋಗಬೇಡ, ಮಲಗು ಎಂದು ಇವರು ಎಷ್ಟು ಹೇಳಿದರೂ ಕೇಳದೆ ಇವತ್ತೊಂದು ದಿನ ಹೋದೆ. ಮೆಟ್ಟಿಲು ಹತ್ತುವಾಗ ಇವರೇ ತೋಳು ಹಿಡಿದುಕೊಂಡರು. ಮೆಟ್ಟಿಲುಗಳನ್ನು ಯಾರೂ ಎತ್ತರ ಮಾಡಿಸಿಲ್ಲ.

ತರಗತಿಯಲ್ಲಿ ಕುರ್ಚಿ ಎಳೆದು ಕೂತೆ. ದೊಡ್ಡ ಮೇಡಂ ಅವರನ್ನೂ ಬರಹೇಳಿದ್ದೆ. "ಭೂಕವಚ ತಿಂದದ್ದು ನಾನು" ಎಂದೆ. "ಅವತ್ತು ನಿಮ್ಮ ಎದುರಿಗೆ ತಿಂದಳಲ್ಲ, ಅದೊಂದು ಚೂರು ಬಿಟ್ಟರೆ ನನ್ನ ಮಗಳು ಮುಟ್ಟಿಲ್ಲ. ನನಗೆ ಮೈಯಲ್ಲಿ ಕಬ್ಬಿಣ ಕಡಿಮೆಯಾಗಿ ಕಾಯಿಲೆ ಬಂದಿದೆ, ಅದಕ್ಕೆ ತಿನ್ನಬೇಕು ಅನಿಸ್ತು. ಮಣ್ಣು ತಿಂದರೆ ಆ ಕಾಯಿಲೆ ಜಾಸ್ತಿಯಾಗುತ್ತೆ, ಕಡಿಮೆ ಆಗಲ್ಲ, ನೀವು ಯಾರೂ ತಿನ್ನಬೇಡಿ. ಅವತ್ತು ಹೇಳೋಕೆ ನಾನು ಹೆದರಿಕೊಂಡೆ. ಇವನಿಗೂ ಅವಳಿಗೂ ಅನ್ಯಾಯ ಆಯ್ತು."

ಹಿಂದಿನ ಬೆಂಚಿನ ಕೂಗುಮಾರಿಗಳೆಲ್ಲ ತಲೆ ತಗ್ಗಿಸಿದ್ದರು. ಆಮೇಲೆ ತಾತಶಿಲೆ ಕೈ ಎತ್ತಿದ.

"ಮಿಸ್, ಮ್ಯಾಂಟಲ್ ತಿಂದ್ರಾ?"

"ಇಲ್ಲ ಕಣೋ. ಕವಚ ಮಾತ್ರ."

"ಹಾಗಾದ್ರೆ ಪರವಾಗಿಲ್ಲ. ಮ್ಯಾಂಟಲ್ ಮಾಡೋದೇ ಕಷ್ಟ."

ಮೇಡಂ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. "ಮೊದಲೇ ಹೇಳಿದ್ರೆ ರಜೆ ಕೊಡ್ತಿರಲಿಲ್ವೇನ್ರೀ? ನನ್ನನ್ನ ಏನು ರಾಕ್ಷಸಿ ಅಂದ್ಕೊಂಡಿದ್ದೀರಾ?" ಎಂದರು. ಸ್ವಲ್ಪ ಹಾಗೇ ಅಂದುಕೊಂಡಿದ್ದೆ, ಹೇಳಲಿಲ್ಲ. ಹೊರಡುವ ಮೊದಲು ತಾತಶಿಲೆಯ ತಲೆ ಸವರಿ, ನಿನ್ನ ಮೇಲೆ ಸುಮ್ಮನೆ ಅನುಮಾನ ಪಟ್ಟೆ ಕಣೋ ಎಂದರು. ಮುಂದಿನ ಸಾಲಿನಲ್ಲಿ ನಿಂತ್ಕೋ ಎಂದೂ ಹೇಳಿದರು.

ಮಧ್ಯಾಹ್ನ ಅಧಿಕಾರಿ ಬಂದರು. ಜೇಡಿ ಸಾಲದೆ ಭೂಕವಚದ ಒಂದು ಕಡೆ ಹಾಗೇ ತೆರೆದಿತ್ತು. ಇಲ್ಲಿ ಯಾಕೆ ಪದರು ಇಲ್ಲ ಎಂದು ಕೇಳಿದರು. ತಾತಶಿಲೆ ಸ್ಪಷ್ಟವಾಗಿ, "ಅದು ನಮ್ಮ ಮಿಸ್ ತಿಂದ್ರು ಸಾರ್" ಎಂದ. ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಮಕ್ಕಳಿಗೆ ಹಾಸ್ಯಪ್ರಜ್ಞೆ ಚೆನ್ನಾಗಿದೆ ಎಂದು ಮೇಡಂಗೆ ಹೇಳಿದರು. ಮೇಡಂ ಗೋಡೆ ನೋಡುತ್ತ ನಿಂತರು.

ಸಾಸಿವೆಯೊಬ್ಬಳೇ ನಗಲಿಲ್ಲ. ಎಲ್ಲ ಸರಿಹೋಯಿತಲ್ಲ, ಇನ್ನೇನು ಇವಳಿಗೆ?

ಅಕ್ಟೋಬರ್ ೪, ಶುಕ್ರವಾರ

ಆಸ್ಪತ್ರೆ. ನಿನ್ನೆಯಿಂದ ರಕ್ತ ಏರಿಸುತ್ತಿದ್ದಾರೆ. ಎಡಗೈಗೆ ಸೂಜಿ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಯಾರದೋ ರಕ್ತ. ಯಾರೆಂದು ಹೇಳುವುದಿಲ್ಲವಂತೆ. ಮನಸ್ಸಲ್ಲೇ ಕೈ ಮುಗಿದೆ.

ಪಕ್ಕದ ಮಂಚದ ಅಜ್ಜಿ ಸಾರು ಚೆನ್ನಾಗಿಲ್ಲ ಎಂದು ಗೊಣಗುತ್ತಾರೆ. ನಾನು ಎರಡು ಸಲ ಹಾಕಿಸಿಕೊಂಡೆ.

ಇವರು ಬೆಳಿಗ್ಗೆ ಸಂಜೆ ಬರುತ್ತಾರೆ. ಪಾತ್ರೆ ತೊಳೆದೆ ಎಂದು ವರದಿ ಒಪ್ಪಿಸುತ್ತಾರೆ. ತೊಳೆಯದಿದ್ದರೂ ಪರವಾಗಿಲ್ಲ ಎಂದದ್ದಕ್ಕೆ ನರ್ಸನ್ನು ಕರೆದು, ಇವಳಿಗೆ ಜ್ವರ ಇದೆಯಾ ನೋಡಿ ಎಂದರು. ಸಾಸಿವೆ ಜೊತೆಗೆ ಬರುತ್ತಾಳೆ. ಕುರ್ಚಿಯಲ್ಲಿ ಕೂತು ಲೋಟ ತೊಳೆದಿಡುತ್ತಾಳೆ, ಹೊದಿಕೆ ಸರಿಮಾಡುತ್ತಾಳೆ. ಕೇಳಿದ್ದಕ್ಕೆ ಹೂಂ, ಊಹೂಂ. ಅಷ್ಟು ಬಿಟ್ಟರೆ ಮಾತಿಲ್ಲ. "ಎಷ್ಟು ಒಳ್ಳೆ ಮಗು" ಎಂದು ಅಜ್ಜಿ ಹೊಗಳಿದರು. ಆ ಹೊಗಳಿಕೆ ನನಗೆ ಯಾಕೋ ಹಿಡಿಸಲಿಲ್ಲ.

ಅಕ್ಟೋಬರ್ ೬, ಭಾನುವಾರ

ನಾಳೆ ಬೆಳಿಗ್ಗೆ ಆಪರೇಷನ್. ಭಯವಾಗುತ್ತಿದೆ. ಬರೆದರೆ ಕಡಿಮೆಯಾಗುತ್ತದೇನೋ ಎಂದು ಬರೆಯುತ್ತಿದ್ದೇನೆ, ಕಡಿಮೆಯಾಗಿಲ್ಲ.

ಸಂಜೆ ಇಬ್ಬರೂ ಬಂದರು. ಇವರು ಸಹಿ ಹಾಕಲು ಕೆಳಗೆ ಹೋದರು. ಸಾಸಿವೆ ಎಂದಿನಂತೆ ಹೊದಿಕೆಯ ಅಂಚು ಮಡಚಲು ಬಂದಳು. ಅವಳ ಕೈ ಹಿಡಿದುಕೊಂಡೆ.

"ಬಿಡು ಅದನ್ನ. ನನ್ನ ಮೇಲೆ ಕೋಪಾನಾ?"

"ಇಲ್ಲ."

"ಕೋಪ ಇದ್ರೆ ಹೇಳೇ."

"ಇಲ್ಲ ಅಂದ್ನಲ್ಲ!"

ಕೈ ಕಿತ್ತುಕೊಂಡಳು. ಮೇಜಿನ ಮೇಲಿದ್ದ ಸ್ಟೀಲ್ ಲೋಟ ಬಿದ್ದು ಉರುಳಿಕೊಂಡು ಹೋಯಿತು. ಆಮೇಲೆ ಕಟ್ಟೆ ಒಡೆಯಿತು.

"ನೀನು ನೋಡ್ತಾ ನಿಂತಿದ್ದೆ! ಎಲ್ಲಾರೂ ನಕ್ಕರು, ನೀನು ನೋಡ್ತಾ ನಿಂತಿದ್ದೆ! ಅದೆಷ್ಟು ಕೆಟ್ಟದಾಗಿತ್ತು ಗೊತ್ತಾ? ಹಲ್ಲೆಲ್ಲಾ ಕರಕರ ಅಂತಿತ್ತು! ವಾಂತಿ ಬರ್ತಿತ್ತು! ನೀನು ಬಂದು ಸಾಕು ಉಗಿ ಅಂತೀಯ ಅಂತ ಬಾಯಲ್ಲೇ ಇಟ್ಕೊಂಡಿದ್ದೆ! ನೀನು ಏನೂ ಅನ್ನಲಿಲ್ಲ!"

ವಾರ್ಡಿನವರೆಲ್ಲ ತಿರುಗಿದರು. ನರ್ಸ್ ಓಡಿಬಂದು, "ಪುಟ್ಟಾ, ಇದು ಆಸ್ಪತ್ರೆ, ಮೆತ್ತಗೆ ಮಾತಾಡ್ಬೇಕು" ಎಂದಳು.

"ಮೆತ್ತಗೆ ಮಾತಾಡಲ್ಲ!"

"ಹೌದು, ನಿಂತಿದ್ದೆ" ಎಂದೆ.

"ಯಾಕೆ?"

"ಹೆದರಿಕೆ ಆಯ್ತು."

"ನಂಗೂ ಹೆದರಿಕೆ ಆಯ್ತು! ಬಟ್ಟೆ ಒಗೀವಾಗ್ಲೂ ಹೆದರಿಕೆ ಆಯ್ತು! ನೀನು ಮಣ್ಣು ತಿಂತಿದ್ದೆ, ಮಾತ್ರೆ ಬಿಸಾಕ್ತಿದ್ದೆ, ನಾನು ಕಿಟಕಿ ಕೆಳಗೆ ಹೋಗಿ ಆರಿಸ್ಕೊಂಡು ಬರ್ತಿದ್ದೆ. ನಾನು ಯಾರ ಹತ್ರ ಹೇಳ್ಬೇಕಿತ್ತು?" ಮೂಗಿನಿಂದ ಬಾಯಿಂದ ಎಲ್ಲ ಕಡೆಯಿಂದ ನೀರು ಸುರಿಯುತ್ತಿತ್ತು. "ನಾಳೆ ನೀನೇನಾದ್ರೂ ಸತ್ತೋದ್ರೆ ನೋಡು, ನಿನ್ನ ಜೊತೆ ಟೂ! ಯಾವತ್ತೂ ಮಾತಾಡಲ್ಲ! ಕರೆದ್ರೂ ಮಾತಾಡಲ್ಲ!"

ಮಂಚದ ಕಾಲಿಗೆ ಒದ್ದಳು. ಕಾಲು ನೋವಾಗಿ ಇನ್ನೂ ಜೋರಾಗಿ ಅತ್ತಳು. ಅಜ್ಜಿ ಕಿವಿ ಮುಚ್ಚಿಕೊಂಡು, "ಅಯ್ಯೋ, ಎಂಥ ಗಯ್ಯಾಳಿ ಹುಡುಗಿಯಪ್ಪಾ" ಎಂದರು. ಬಾಗಿಲಲ್ಲಿ ಇವರು ಸಹಿ ಹಾಕಿದ ಕಾಗದ ಹಿಡಿದು ಬೆಪ್ಪಾಗಿ ನಿಂತಿದ್ದರು.

ಇವಳ ವಯಸ್ಸಿನಲ್ಲೇ ನಾನು ಅಮ್ಮನ ಮಂಚದ ಪಕ್ಕ ಕೂತಿದ್ದೆ. ಅಮ್ಮ ಏನೂ ಇಲ್ಲ ಎಂದರೆ ಹೂಂ ಎಂದೆ, ಅಪ್ಪನಿಗೆ ಹೇಳಬೇಡ ಎಂದರೆ ಹೂಂ ಎಂದೆ. ಒಂದು ಸಲವೂ ದನಿ ಏರಿಸಲಿಲ್ಲ, ಒಂದು ಲೋಟ ಬೀಳಿಸಲಿಲ್ಲ. ಬಂದವರೆಲ್ಲ ಎಷ್ಟು ಒಳ್ಳೆ ಹುಡುಗಿ ಎಂದು ನನ್ನ ತಲೆ ಸವರಿ ಹೋದರು.

ಇವಳನ್ನು ವಾರ್ಡಿನಲ್ಲಿ ಯಾರೂ ಹೊಗಳಲಿಲ್ಲ. ಇನ್ನೂ ಬಿಕ್ಕುತ್ತಿದ್ದಾಳೆ. ಮಂಚದ ಮೇಲೆ ಹತ್ತಿ, ಮುಖ ಆಚೆ ತಿರುಗಿಸಿಕೊಂಡು, ಆ ಕಡೆ ಸರಿ ಎನ್ನುತ್ತಿದ್ದಾಳೆ. ಸರಿಯುತ್ತೇನೆ.